ತಿಪಟೂರು ಕೊಬ್ಬರಿ ಮಾರಲು ಬರೆದ ಜಾಹೀರಾತು ಯಾಕೆ ಸಪ್ಪೆಯಾಗಿದೆ?

ನೀವು ವಾಟ್ಸಾಪ್‌ನಲ್ಲಿ ಹಾಕಿದ ಸಾಲು ಇದು: 'ಉತ್ಕೃಷ್ಟ ಗುಣಮಟ್ಟದ, ನೈಸರ್ಗಿಕ, ಪ್ರೀಮಿಯಂ ಕೊಬ್ಬರಿ. ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ.' ಇಷ್ಟು ಚೆನ್ನಾಗಿ ಬರೆದರೂ ಯಾರೂ ಯಾಕೆ ಫೋನ್ ಮಾಡುತ್ತಿಲ್ಲ ಅಂತ ಕೇಳಿದ್ದೀರಿ. ಇದರಲ್ಲಿ 'ಕೊಬ್ಬರಿ' ತೆಗೆದು 'ಗ್ರಾನೈಟ್' ಅಂತ ಹಾಕಿ ನೋಡಿ. ಸಲೀಸಾಗಿ ಹೊಂದುತ್ತದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ.

ನಾನು ತುಮಕೂರಿನಲ್ಲಿ ಅಂಗಡಿಗಳಿಗೆ ಪಾಂಪ್ಲೆಟ್, ಬ್ಯಾನರ್ ಬರೆದುಕೊಡುತ್ತೇನೆ. ಬಿ.ಎಚ್. ರಸ್ತೆಯಲ್ಲಿ ಬೋರ್ಡ್ ಓದುತ್ತಾ ಹೋದರೆ 'ವಿಶ್ವದರ್ಜೆ', 'ಸಮಗ್ರ ಪರಿಹಾರ', 'ಎಲ್ಲವೂ ಒಂದೇ ಸೂರಿನಡಿ' ಇಂಥವೇ ಸಿಗುತ್ತವೆ. ಅವೆಲ್ಲ ಸುಳ್ಳು ಅಂತ ಅಲ್ಲ. ಎಲ್ಲರೂ ಅದನ್ನೇ ಹೇಳಿದರೆ ಜನ ಓದುವುದನ್ನೇ ಬಿಡುತ್ತಾರೆ.

ನಿಮ್ಮ ಹತ್ತಿರ ಹೇಳಲು ಎಷ್ಟೊಂದಿದೆ! ತಿಪಟೂರಿನ ಉಂಡೆ ಕೊಬ್ಬರಿ ಒಂದೆರಡು ವಾರದಲ್ಲಿ ಆಗುವ ಮಾಲಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಒಳಗಿನ ನೀರು ತಾನಾಗೇ ಇಂಗಬೇಕು. ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಮುರಿಯದ ಹಾಗೆ ತೆಗೆಯುವುದು. ಬೆಂಗಳೂರಿನಲ್ಲಿ ಕೊಳ್ಳುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

'ಕಾಯಿ ನಮ್ಮ ತೋಟದ್ದು. ಹತ್ತು ತಿಂಗಳು ಅಟ್ಟದ ಮೇಲಿತ್ತು. ಒಳಗೆ ಲೊಟಲೊಟ ಅಂದ ಮೇಲೇ ಒಡೆದಿದ್ದೇವೆ. ಈ ಸೋಮವಾರ ತೆಗೆದ ಉಂಡೆ ಕೊಬ್ಬರಿ.'

ತಿಂಗಳು, ವಾರ ಎಲ್ಲ ನಿಮ್ಮ ಲೆಕ್ಕದ್ದೇ ಇರಲಿ. ಬೇರೆಯವರಿಂದ ಕೊಂಡ ಕಾಯಾದರೆ 'ನಮ್ಮ ತೋಟದ್ದು' ಅನ್ನಬೇಡಿ.

ಇನ್ನೊಂದು ವಿಷಯ. ಆಹಾರ ಪದಾರ್ಥಕ್ಕೆ 'ನೈಸರ್ಗಿಕ', 'ಶುದ್ಧ', 'ತಾಜಾ' ಅಂತೆಲ್ಲ ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ಜಾಹೀರಾತು ನಿಯಮಗಳಲ್ಲಿ ಈ ಪದಗಳಿಗೆ ಷರತ್ತುಗಳಿವೆ. ಅಟ್ಟ, ತೋಟ, ಒಡೆದ ದಿನ ಇವುಗಳಿಗೆ ಆ ತಲೆನೋವಿಲ್ಲ, ನಿಜವಾಗಿದ್ದರೆ ಸಾಕು.

ಪದಗಳಿಗಾಗಿ ತಲೆ ಕೆರೆದುಕೊಂಡು ಕೂರಬೇಡಿ. ಫೋನ್ ಮಾಡಿದವರು ಏನು ಕೇಳುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. 'ಉಂಡೆನಾ, ಹೋಳಾ?' 'ಕಮಟು ವಾಸನೆ ಬರಲ್ವಾ?' 'ಎಷ್ಟು ದಿನ ಇಡಬಹುದು?' 'ಒಬ್ಬಟ್ಟಿಗೆ ತುರಿಯೋಕೆ ಆಗುತ್ತಾ?' ಅವರ ಪ್ರಶ್ನೆಗೆ ನೀವು ಬಾಯಲ್ಲಿ ಹೇಗೆ ಉತ್ತರ ಕೊಡುತ್ತೀರೋ ಹಾಗೇ ಬರೆಯಿರಿ. ಮನೆಯಲ್ಲಿ ಕೊಬ್ಬರಿ ಆರಿಸುವವರು ಯಾರೋ ಅವರನ್ನೂ ಮಾತಾಡಿಸಿ. ಯಾವುದನ್ನು ಪಕ್ಕಕ್ಕಿಡುತ್ತಾರೆ, ಯಾಕೆ ಅಂತ ಕೇಳಿ. ನನಗೆ ಒಳ್ಳೆಯ ಸಾಲುಗಳು ಸಿಕ್ಕಿರುವುದು ಜಾಸ್ತಿ ಇಂಥವರಿಂದಲೇ, ಮಾಲೀಕರಿಂದಲ್ಲ.

ಬ್ಯಾಂಕ್ ಸಾಲದ ಅರ್ಜಿಗೆ, ಟೆಂಡರ್‌ಗೆ ಆ ಹಳೇ ಪದಗಳು ಇರಲಿ ಬಿಡಿ. ಅಲ್ಲಿ ಓದುವವರಿಗೆ ಅವೇ ಬೇಕು.

ಬೆಲೆಯನ್ನು ಮಾತ್ರ ಮೊದಲೇ ಹಾಕಿಬಿಡಿ. 'ಸ್ಪರ್ಧಾತ್ಮಕ ದರ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಜಿಗೆ ಎಷ್ಟು, ಕೊರಿಯರ್‌ಗೆ ಎಷ್ಟು, ಯಾವ ದಿನ ಕಳಿಸುತ್ತೀರಿ, ಇವು ಮೂರೂ ಫೋಟೋದ ಕೆಳಗೇ ಇರಲಿ.