ಕ್ಷೀರಪಥದ ಕೇಂದ್ರದ ಎಕ್ಸ್-ರೇ ನಕ್ಷೆಯಲ್ಲಿ ಕಾಣುವ ಸಾವಿರಾರು ಚುಕ್ಕೆಗಳೆಲ್ಲ ಕಪ್ಪುಕುಳಿಗಳಾ?

ಅಲ್ಲ. ಕಪ್ಪುಕುಳಿಗಳೂ ಇವೆ, ಆದರೆ ಬಹುಪಾಲು ಚುಕ್ಕೆಗಳು ಬಿಳಿ ಕುಬ್ಜ ಇರುವ ಜೋಡಿ ನಕ್ಷತ್ರಗಳು ಅನ್ನುವುದು ಈಗಿನ ಅಂದಾಜು. ಬಿಳಿ ಕುಬ್ಜ ಅಂದರೆ ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ಪುಟ್ಟ, ದಟ್ಟ ತಿರುಳು.

ನೀವು ನೋಡಿರುವುದು ಬಹುಶಃ 1999ರಲ್ಲಿ ನಾಸಾ ಹಾರಿಸಿದ ಚಂದ್ರಾ ಎಂಬ ಎಕ್ಸ್-ರೇ ದೂರದರ್ಶಕದ ಚಿತ್ರ. ಕೇಂದ್ರ ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ನಡುವೆ ವಿಪರೀತ ಧೂಳು. ಕಣ್ಣಿಗೆ ಕಾಣುವ ಬೆಳಕಿನ ಲಕ್ಷ ಕೋಟಿ ಕಣಗಳು ಅಲ್ಲಿಂದ ಹೊರಟರೆ ನಮಗೆ ತಲುಪುವುದು ಸುಮಾರು ಒಂದು! ಆದರೆ ಜಾಸ್ತಿ ಶಕ್ತಿಯ ಎಕ್ಸ್-ರೇ ಅದನ್ನೆಲ್ಲ ತೂರಿಕೊಂಡು ಬರುತ್ತದೆ.

ಚಂದ್ರಾದ ಕ್ಯಾಮೆರಾ ಬಂದು ಬಿದ್ದ ಒಂದೊಂದು ಎಕ್ಸ್-ರೇ ಕಣಕ್ಕೂ ಲೆಕ್ಕ ಇಡುತ್ತದೆ: ಎಲ್ಲಿಂದ, ಯಾವಾಗ, ಎಷ್ಟು ಶಕ್ತಿ. ಬೇರೆ ಬೇರೆ ಸಲ ನೋಡಿದ್ದನ್ನು ಒಟ್ಟು ಸೇರಿಸಿದಾಗ ಮಸುಕು ಚುಕ್ಕೆಗಳೂ ಎದ್ದು ಕಾಣುತ್ತವೆ. ಹೀಗೆ ಒಟ್ಟು ಸುಮಾರು ಏಳು ದಿನದಷ್ಟು ಹೊತ್ತು ನೋಡಿ, 2003ರಲ್ಲಿ 2,357 ಚುಕ್ಕೆಗಳ ಪಟ್ಟಿ ಪ್ರಕಟಿಸಿದರು. ಅಷ್ಟೂ ಇದ್ದದ್ದು ಹುಣ್ಣಿಮೆ ಚಂದ್ರನ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ. ಜಾಗ ವಿಸ್ತರಿಸಿ ಮಾಡಿದ 2009ರ ಪಟ್ಟಿಯಲ್ಲಿ 9,017 ಇವೆ.

ನನಗೆ ತುಂಬಾ ಹಿಡಿಸಿದ್ದು ದೂರ ಗುರುತಿಸುವ ಉಪಾಯ. ಕಡಿಮೆ ಶಕ್ತಿಯ ಎಕ್ಸ್-ರೇಯನ್ನು ದಾರಿಯಲ್ಲಿನ ಅನಿಲ, ಧೂಳು ನುಂಗಿಬಿಡುತ್ತವೆ. ಹಾಗಾಗಿ ಒಂದು ಚುಕ್ಕೆಯಿಂದ ಅದು ಧಾರಾಳವಾಗಿ ಬರುತ್ತಿದೆ ಅಂದರೆ ಅದು ಕೇಂದ್ರದಲ್ಲಿಲ್ಲ, ನಮಗೂ ಕೇಂದ್ರಕ್ಕೂ ನಡುವೆ ಎಲ್ಲೋ ಇದೆ. ಆ 2,357ರಲ್ಲಿ ಹೀಗೆ ಹೊರಬಿದ್ದವು 281. ಬಹಳ ಹಿಂದಿರುವ ಬೇರೆ ಗ್ಯಾಲಕ್ಸಿಗಳೂ ಸ್ವಲ್ಪ ಸೇರಿಕೊಂಡಿರುತ್ತವೆ.

ಉಳಿದವು ಏನು ಅನ್ನುವುದೇ ಕಷ್ಟದ ಪ್ರಶ್ನೆ. ಬಿಳಿ ಕುಬ್ಜಕ್ಕೆ ಬಲವಾದ ಕಾಂತಕ್ಷೇತ್ರ ಇದ್ದರೆ, ಜೊತೆಗಾರ ನಕ್ಷತ್ರದಿಂದ ಎಳೆದುಕೊಂಡ ಅನಿಲ ಅದರ ಧ್ರುವಗಳ ಮೇಲೆ ಸುರಿಯುತ್ತದೆ. ಕೋಟಿಗಟ್ಟಲೆ ಡಿಗ್ರಿ ಕಾಯ್ದು ಎಕ್ಸ್-ರೇ ಸೂಸುತ್ತದೆ. ಈ ಚುಕ್ಕೆಗಳ ಶಕ್ತಿ, ಮಂಕುತನ, ಎಕ್ಸ್-ರೇಯಲ್ಲಿ ಕಾಣುವ ಕಬ್ಬಿಣದ ಗುರುತು ಎಲ್ಲವೂ ಇದಕ್ಕೆ ಹೊಂದುತ್ತವೆ. ಆದರೆ ಇಂತಿಂಥ ನಕ್ಷತ್ರವೇ ಅಂತ ಬೆರಳು ಮಾಡಿ ತೋರಿಸಲು ಆಗುವುದು ಅಪರೂಪ. ಅತಿಗೆಂಪು (ಇನ್‌ಫ್ರಾರೆಡ್) ಚಿತ್ರದಲ್ಲಿ ನೋಡಿದರೆ ಅದೇ ಜಾಗದಲ್ಲಿ ನಾಲ್ಕಾರು ನಕ್ಷತ್ರ ಇರುತ್ತವೆ. ಯಾವುದು ಅಂತ ಹೇಳೋದು?

ಕಪ್ಪುಕುಳಿ ಅಂತ ಕೇಳಿದಿರಲ್ಲ, 2018ರಲ್ಲಿ ಕೇಂದ್ರದಿಂದ ಸುಮಾರು ಮೂರು ಜ್ಯೋತಿರ್ವರ್ಷದೊಳಗೆ ಹನ್ನೆರಡು ಚುಕ್ಕೆಗಳನ್ನು ಕಪ್ಪುಕುಳಿಯೂ ಒಂದು ನಕ್ಷತ್ರವೂ ಇರುವ ಜೋಡಿಗಳಿರಬಹುದು ಎಂದು ಗುರುತಿಸಿದರು. ಅವುಗಳಲ್ಲಿ ಕೆಲವು ನ್ಯೂಟ್ರಾನ್ ನಕ್ಷತ್ರಗಳೂ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ದಟ್ಟ ತಿರುಳು) ಆಗಿರಬಹುದು. ಇನ್ನು 40 ಲಕ್ಷ ಸೂರ್ಯರಷ್ಟು ತೂಕದ ದೈತ್ಯ ಕಪ್ಪುಕುಳಿ ಸಜಿಟೇರಿಯಸ್ ಎ* ನಟ್ಟನಡುವೆ ಇದ್ದರೂ ಅಷ್ಟೇನೂ ಬೆಳಗುವುದಿಲ್ಲ. ಆಗಾಗ ಒಂದೆರಡು ಗಂಟೆ ಭುಗಿಲೆದ್ದು ಮತ್ತೆ ಮಂಕಾಗುತ್ತದೆ.

ಅಂದಹಾಗೆ, ಚಿತ್ರದಲ್ಲಿರುವ ಬಣ್ಣ ನಿಜವಾದದ್ದಲ್ಲ. ಚಂದ್ರಾ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಡಿಮೆ ಶಕ್ತಿಗೆ ಕೆಂಪು, ಜಾಸ್ತಿ ಶಕ್ತಿಗೆ ನೀಲಿ ಕೊಡುತ್ತಾರೆ. ನಿಮ್ಮ ಚಿತ್ರದ ಕೆಳಗಿನ ವಿವರಣೆಯಲ್ಲೂ ಹಾಗೇ ಇದ್ದರೆ, ಕೆಂಪು ಚುಕ್ಕೆಗಳು ಹೆಚ್ಚಾಗಿ ಹತ್ತಿರದವು.