ಪದೇಪದೇ ಕರೆಂಟ್ ಹೋಗುತ್ತೆ, ಅಕ್ವೇರಿಯಂಗೆ ಯಾವ ಯುಪಿಎಸ್ ತಗೊಳ್ಳಲಿ?

ಯುಪಿಎಸ್ ವಿಷಯ ಆಮೇಲೆ. ಮೊದಲು ಹೇಳಿ, ನಿಮ್ಮ ಏರ್ ಪಂಪ್ ಎಲ್ಲಿದೆ? ನೀರಿನ ಮಟ್ಟಕ್ಕಿಂತ ಮೇಲೋ, ಕೆಳಗೋ?

ನನ್ನದು ಕೆಳಗಿತ್ತು. ಸ್ಟ್ಯಾಂಡಿನ ಒಳಗೆ, ಎಕ್ಸ್‌ಟೆನ್ಷನ್ ಬೋರ್ಡಿನ ಮೇಲ್ಗಡೆ. ಒಂದು ರಾತ್ರಿ ಕರೆಂಟ್ ಹೋಯಿತು. ಮೀನುಗಳು ಆರಾಮಾಗಿ ಓಡಾಡುತ್ತಿದ್ದವು, ನಾನು ಮಲಗಿದೆ. ಬೆಳಗಿನ ಜಾವ ಕರೆಂಟ್ ಬಂದಾಗ ಚಟಚಟ ಸದ್ದು, ಸುಟ್ಟ ವಾಸನೆ.

ಪಂಪ್ ಓಡುವಾಗ ಗಾಳಿಯ ಒತ್ತಡ ನೀರನ್ನು ಪೈಪಿನಿಂದ ಹೊರಗೆ ತಳ್ಳುತ್ತಿರುತ್ತದೆ. ಪಂಪ್ ನಿಂತರೆ ನೀರು ಪೈಪಿನೊಳಗೆ ಏರುತ್ತದೆ. ನನ್ನ ತೊಟ್ಟಿ ಅಂಚಿನವರೆಗೂ ತುಂಬಿತ್ತು. ನೀರು ಪೈಪಿನ ಬಾಗು ದಾಟಿತು. ಒಮ್ಮೆ ದಾಟಿದರೆ ಮುಗಿಯಿತು, ಪೈಪಿನ ಬಾಯಿ ನೀರಿನಲ್ಲಿರುವಷ್ಟು ಹೊತ್ತೂ ಇಳಿಯುತ್ತಲೇ ಇರುತ್ತದೆ. ಪಂಪ್ ತುಂಬಿ, ಬೋರ್ಡಿನ ಮೇಲೆ ಸುರಿದಿತ್ತು. ಇದನ್ನು ತಡೆಯಲು ಪೈಪಿನ ಮಧ್ಯೆ ಹೆಬ್ಬೆರಳಿನಷ್ಟು ಚಿಕ್ಕ ಚೆಕ್ ವಾಲ್ವ್ ಸಾಕು. ಗಾಳಿ ತೊಟ್ಟಿಯ ಕಡೆ ಹೋಗಲು ಬಿಟ್ಟು, ನೀರು ವಾಪಸ್ ಬರದಂತೆ ತಡೆಯುತ್ತದೆ. ಅದು ಪಂಪಿನ ಡಬ್ಬಿಯಲ್ಲೇ ಬಂದಿತ್ತು! ಹಾಕಿದರೆ ಗುಳ್ಳೆ ಕಡಿಮೆ ಬರುತ್ತೆ ಅಂತ ತೆಗೆದಿಟ್ಟಿದ್ದೆ.

ಗಾಬರಿಯಲ್ಲಿ, ಮೇನ್ ಆಫ್ ಮಾಡದೆ, ಒದ್ದೆ ನೆಲದ ಮೇಲೆ ನಿಂತು ಪ್ಲಗ್ಗಿಗೆ ಕೈ ಹಾಕಿದೆ. ಶಾಕ್ ಹೊಡೆದು ಹಿಂದಕ್ಕೆ ಬಿದ್ದೆ. ಮನೆಯ ಎಂಸಿಬಿ ಸ್ವಿಚ್ ತಾನಾಗಿ ಬೀಳಲಿಲ್ಲ. ಅದು ಬೀಳುವುದು ಓವರ್‌ಲೋಡ್ ಅಥವಾ ಶಾರ್ಟ್ ಆದರೆ. ಮೈಮೇಲೆ ಹರಿಯುವಷ್ಟು ಸೋರಿಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅಂಥ ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅನ್ನೋ ಸ್ವಿಚ್ ಬೇಕು.

ಈಗ ನಿಮ್ಮ ಯುಪಿಎಸ್. ಬ್ಯಾಟರಿ ಖಾಲಿಯಾದರೆ ಪಂಪ್ ನಿಲ್ಲಲೇಬೇಕು, ಅಲ್ವಾ? ಆಗಲೂ ಇದೇ ಕಥೆ. ಬ್ಯಾಟರಿ ಮೇಲೆ ಓಡುವಾಗ ಅದರ ಆಚೆಗಿನ ಸೋರಿಕೆ ಮನೆಯ ಆರ್‌ಸಿಸಿಬಿಗೆ ಕಾಣದೇ ಹೋಗಬಹುದು. ಯುಪಿಎಸ್‌ಗೆ ಲೈಟು ಹಾಕೋದು ಬೇಡ. ಹೀಟರ್ ಬ್ಯಾಟರಿಯನ್ನು ಬೇಗ ಕುಡಿದುಹಾಕುತ್ತದೆ. ಅದರ ಬದಲು ತೊಟ್ಟಿಯ ಸುತ್ತ ಕಂಬಳಿ ಹೊದಿಸಿದರೆ ನೀರು ನಿಧಾನವಾಗಿ ತಣ್ಣಗಾಗುತ್ತದೆ. ಮೀನಿಗೆ ಆಗ ಬೇಕಾದದ್ದು ಆಮ್ಲಜನಕ ಒಂದೇ. ಕರೆಂಟ್ ಹೋದ ತಕ್ಷಣ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಸಿಗುತ್ತದೆ. ಅದಕ್ಕೊಂದು ಸ್ಪಂಜ್ ಫಿಲ್ಟರ್ ಸಿಕ್ಕಿಸಿ. ಕರೆಂಟ್ ಇಲ್ಲದಾಗ ಆಹಾರ ಹಾಕಬೇಡಿ, ಒಂದೆರಡು ದಿನ ಉಪವಾಸವಿದ್ದರೆ ಬೆಳೆದ ಮೀನಿಗೆ ಏನೂ ಆಗಲ್ಲ.

ಇವತ್ತೇ ಮಾಡಬೇಕಾದದ್ದು: ಚೆಕ್ ವಾಲ್ವ್ ಹಾಕಿ. ಬೋರ್ಡನ್ನು ತೊಟ್ಟಿಯ ಕೆಳಗಿನಿಂದ ತೆಗೆದು ಪಕ್ಕದ ಗೋಡೆಗೆ ಏರಿಸಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿದ್ದು ಆಮೇಲೆ ಮೇಲೇರಲಿ. ಆಗ ವೈರ್ ಹಿಡಿದು ಬಂದ ನೀರು ಸಾಕೆಟ್ ಸೇರದೆ ಕೆಳಗೆ ತೊಟ್ಟಿಕ್ಕುತ್ತದೆ. ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರ್) ಇದ್ದು ಗಂಟೆಗಟ್ಟಲೆ ನಿಂತಿದ್ದರೆ ಪ್ಲಗ್ ಕಿತ್ತಿಡಿ. ಒಳಗಿನ ಕೆಟ್ಟ ನೀರು ಚೆಲ್ಲಿ, ಒಂದು ಬಕೆಟ್ ತೊಟ್ಟಿ ನೀರಿನಲ್ಲಿ ಸ್ಪಂಜು ಅಲುಬಿ, ಆಮೇಲೆ ಚಾಲೂ ಮಾಡಿ.