ಕರೆದರೂ ಹೋಗದ ತಂಡ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ (ಹೆಸರು ಹಾಕಬೇಡಿ ಎಂದಿದ್ದಾರೆ): "ನನ್ನ ಮಗ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ದೆಸೆಯಿಂದ ನನಗೂ ಅಲ್ಲಿನ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಆಟ) ಹುಚ್ಚು ಹಿಡಿದಿದೆ. 2025ರ ಡಿಸೆಂಬರಿನಲ್ಲಿ ಅವರ ತಂಡ ಬೌಲ್ ಪಂದ್ಯಕ್ಕೆ (ಋತು ಮುಗಿದ ಮೇಲೆ ಆಹ್ವಾನಿತ ತಂಡಗಳು ಆಡುವ ಪಂದ್ಯ) ಅರ್ಹವಾಗಿದ್ದರೂ ಒಲ್ಲೆ ಎಂದುಬಿಟ್ಟಿತು. ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಕೂಡ ಹಾಗೇ ಮಾಡಿತು. ಕರೆದು ಮಣೆ ಹಾಕಿದರೂ ಬರುವುದಿಲ್ಲ ಅನ್ನುವಷ್ಟು ಸೊಕ್ಕೇ? ಈಗಿನ ಹುಡುಗರಿಗೆ ದುಡ್ಡೊಂದೇ ಮುಖ್ಯವೇ? ಮುಂದೆ ತಂಡ ಇಂಥ ಪಂದ್ಯ ಆಡಿದರೆ ಮಗ ಖರ್ಚು ಮಾಡಿಕೊಂಡು ನೋಡಲು ಹೋಗಬಹುದೇ?"

ಮಾನ್ಯರೇ,

ಸೊಕ್ಕಿನ ಮಾತು ಆಮೇಲಿರಲಿ. 2024ರ ಡಿಸೆಂಬರ್ 28ರಂದು ಇದೇ ಅಯೋವಾ ಸ್ಟೇಟ್ ಒರ್ಲ್ಯಾಂಡೋದಲ್ಲಿ ಪಾಪ್-ಟಾರ್ಟ್ಸ್ ಬೌಲ್ ಆಡಿ ಮಯಾಮಿ ವಿಶ್ವವಿದ್ಯಾಲಯವನ್ನು 42–41ರಿಂದ ಸೋಲಿಸಿತ್ತು. ತಿಂಡಿ ಕಂಪನಿಯ ಹೆಸರಿನ ಪಂದ್ಯ, ಕೊನೆಯಲ್ಲಿ ಕಂಪನಿಯ ಗೊಂಬೆಯನ್ನೇ ಬೇಯಿಸಿ ತಿನ್ನುವ ತಮಾಷೆ ಬೇರೆ. ಆದರೂ ಆ ಗೆಲುವು ಋತುವಿನ ಹನ್ನೊಂದನೆಯದು. ಆ ವಿಶ್ವವಿದ್ಯಾಲಯ ನೂರು ವರ್ಷಕ್ಕೂ ಮೀರಿ ಆಡುತ್ತ ಬಂದಿದೆ, ಒಂದೇ ಋತುವಿನಲ್ಲಿ 11 ಗೆಲುವು ಎಂದೂ ಕಂಡಿರಲಿಲ್ಲ.

ಅದೇ ದಿನ ಎದುರು ಪಾಳೆಯದಲ್ಲಿ ಏನಾಯಿತು ನೋಡಿ. ಮಯಾಮಿಯ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಕ್ಯಾಮ್ ವಾರ್ಡ್ ಮೊದಲರ್ಧದಲ್ಲಿ ಮೂರು ಟಚ್‌ಡೌನ್ ಪಾಸ್ (ಅಂಕ ತರುವ ಎಸೆತ) ಕೊಟ್ಟು, ಕಾಲೇಜು ಆಟದಲ್ಲಿ ಅಂಥ ಪಾಸ್‌ಗಳ ಒಟ್ಟು ಲೆಕ್ಕದ ದಾಖಲೆ ಮುರಿದು, ದ್ವಿತೀಯಾರ್ಧಕ್ಕೆ ಇಳಿಯಲೇ ಇಲ್ಲ. ಅರ್ಧದ ಹೊತ್ತಿಗೆ ಅವರ ತಂಡವೇ ಮುಂದಿತ್ತು. ನಾಲ್ಕು ತಿಂಗಳಿಗೆ ವೃತ್ತಿಪರ ತಂಡ ಟೆನೆಸಿ ಟೈಟನ್ಸ್ ಅವರನ್ನು ಡ್ರಾಫ್ಟಿನ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಪ್ರಕ್ರಿಯೆ; ಮೊದಲು ಹೋದಷ್ಟೂ ಸಂಬಳ ಹೆಚ್ಚು) ಮೊದಲ ಆಯ್ಕೆಯಾಗಿ ಆರಿಸಿಕೊಂಡಿತು. ಒಂದು ತಂಡಕ್ಕೆ ಚರಿತ್ರೆ ಎನಿಸಿದ ಪಂದ್ಯ ಇನ್ನೊಂದು ತಂಡದ ತಾರೆಗೆ ಅರ್ಧ ಮುಗಿಸಿದರೆ ಸಾಕು ಅನ್ನುವಂತಿತ್ತು. ನನಗೆ ಇಬ್ಬರ ಮೇಲೂ ಕೋಪ ಬರುವುದಿಲ್ಲ.

ಬೌಲ್ ಪಂದ್ಯ ಹುಟ್ಟಿದ್ದೇ ಪ್ರದರ್ಶನವಾಗಿ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹೊಸ ವರ್ಷದ ದಿನ ಹೂವಿನ ರಥಗಳ ಮೆರವಣಿಗೆ ನಡೆಯುತ್ತಿತ್ತು. ಅದಕ್ಕೆ ಇನ್ನಷ್ಟು ಜನ ಸೇರಲಿ ಎಂದು 1902ರಲ್ಲಿ ಫುಟ್‌ಬಾಲ್ ಪಂದ್ಯವೊಂದನ್ನು ಸೇರಿಸಿದರು. ನಮ್ಮ ದಸರಾಕ್ಕೆ ಕುಸ್ತಿ ಇದ್ದ ಹಾಗೆ ಎನ್ನಿ. ಮಿಷಿಗನ್ ಸ್ಟ್ಯಾನ್‌ಫರ್ಡನ್ನು 49–0ಯಿಂದ ಬಡಿಯಿತು, ಸ್ಟ್ಯಾನ್‌ಫರ್ಡ್ ಆಟ ಮುಗಿಯುವ ಮುಂಚೆಯೇ ಸಾಕು ಎಂದಿತು. ಸಂಘಟಕರು ಮುಂದಿನ ಕೆಲವು ವರ್ಷ ಫುಟ್‌ಬಾಲ್ ಸಹವಾಸವೇ ಬೇಡವೆಂದು ರಥದೋಟ ಇಟ್ಟುಕೊಂಡರು. 1916ರಿಂದೀಚೆಗೆ ಪಂದ್ಯ ಖಾಯಂ ಆಯಿತು. ಚಳಿಗಾಲದಲ್ಲಿ ಪ್ರವಾಸಿಗರನ್ನು ಸೆಳೆಯಲು ಮಯಾಮಿ, ನ್ಯೂ ಆರ್ಲಿಯನ್ಸ್, ಎಲ್ ಪಾಸೋ 1935ರಲ್ಲಿ, ಡಲ್ಲಾಸ್ 1937ರಲ್ಲಿ ಅದೇ ದಾರಿ ಹಿಡಿದವು.

ಪಂದ್ಯದ ಫಲಿತಾಂಶಕ್ಕೆ ಎಷ್ಟು ಬೆಲೆ ಇತ್ತು ಅಂತೀರಾ? 1964ರಲ್ಲಿ ಅಲಬಾಮಾ ತಂಡವನ್ನು ಎ.ಪಿ. ಸುದ್ದಿಸಂಸ್ಥೆಯ ಮತದಾನ ರಾಷ್ಟ್ರೀಯ ಚಾಂಪಿಯನ್ ಎಂದು ಸಾರಿತು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಅದು ಟೆಕ್ಸಸ್‌ಗೆ 21–17ರಿಂದ ಸೋತಿತು. ಪಟ್ಟಕ್ಕೇನೂ ಧಕ್ಕೆ ಆಗಲಿಲ್ಲ! ಆಗ ಕೊನೆಯ ಮತದಾನ ಬೌಲ್‌ಗೆ ಮುಂಚೆಯೇ ಮುಗಿಯುತ್ತಿತ್ತು. 1968ರಿಂದಷ್ಟೇ ಅದು ಬೌಲ್ ಆದಮೇಲೆ ಎಂದು ಖಾಯಂ ಆದದ್ದು. ನಿಮಗೆ ಸಿಟ್ಟು ತರಿಸಿದ ನೋಟರ್ ಡೇಮ್ 1925ರ ರೋಸ್ ಬೌಲ್ ಗೆದ್ದಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾವ ಬೌಲ್‌ಗೂ ಹೋಗಲಿಲ್ಲ. ಅದು ಆ ಸಂಸ್ಥೆಯ ನಿಯಮವಾಗಿತ್ತು. ಆಗ ಅದನ್ನು ಶಿಸ್ತು ಎಂದವರೇ ಹೆಚ್ಚು. ಈ ಸಲದ ಮುನಿಸು ಬೇರೆ ಥರದ್ದು, ಒಪ್ಪುತ್ತೇನೆ. ಹತ್ತು ಗೆದ್ದು ಎರಡು ಸೋತ ತಂಡವನ್ನು ಹನ್ನೆರಡು ತಂಡಗಳು ರಾಷ್ಟ್ರೀಯ ಪಟ್ಟಕ್ಕೆ ಸೆಣಸುವ ಪ್ಲೇಆಫ್‌ನಿಂದ ಹೊರಗಿಟ್ಟಿದ್ದಕ್ಕೆ ಬಂದ ಸಿಟ್ಟು ಅದು.

ಇನ್ನು ದುಡ್ಡಿನ ವಿಚಾರ. 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ನೋಟರ್ ಡೇಮ್‌ನ ಜೇಲನ್ ಸ್ಮಿತ್ ಮೊಣಕಾಲಿನ ಎರಡು ಲಿಗಮೆಂಟ್ ಹರಿದುಕೊಂಡರು, ನರಕ್ಕೂ ಪೆಟ್ಟಾಯಿತು. ಡ್ರಾಫ್ಟಿನ ಮೊದಲ ಐದರಲ್ಲಿ ಹೋಗುತ್ತಾರೆ ಎಂದಿದ್ದ ಹುಡುಗ 34ನೆಯವರಾಗಿ ಹೋದರು, ಆ ವರ್ಷವಿಡೀ ಆಡಲಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಶ್ಚಿಯನ್ ಮೆಕಾಫ್ರಿ ಮತ್ತು ಲೆನರ್ಡ್ ಫೋರ್ನೆಟ್ ಎಂಬ ತಾರಾ ಆಟಗಾರರು ತಾವು ಬೌಲ್ ಆಡುವುದಿಲ್ಲ ಎಂದರು. ಎಷ್ಟೊಂದು ಬೈಗುಳ ತಿಂದರು! ಮುಂದಿನ ಏಪ್ರಿಲ್‌ನಲ್ಲಿ ಒಬ್ಬರು ಎಂಟನೆಯವರಾಗಿ, ಇನ್ನೊಬ್ಬರು ನಾಲ್ಕನೆಯವರಾಗಿ ಆಯ್ಕೆಯಾದರು. ಬೌಲ್ ಸಮಿತಿಗಳಿಂದ ಆಟಗಾರನಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ 550 ಡಾಲರ್ ಬೆಲೆಯ ಉಡುಗೊರೆ. ಅದಕ್ಕಾಗಿ ಮೊಣಕಾಲು ಪಣಕ್ಕಿಡು ಎಂದು ನನ್ನ ಮಗನಿಗೆ ನಾನಂತೂ ಹೇಳಲಾರೆ. ನೀವು ಹೇಳುತ್ತೀರಾ?

ನಿಷ್ಠೆಯ ಲೆಕ್ಕ ಕೇಳುವುದಾದರೆ ಕೋಚ್‌ಗಳಿಂದ ಶುರುಮಾಡೋಣ. ಹತ್ತು ಋತು ಅಯೋವಾ ಸ್ಟೇಟ್ ನಡೆಸಿದ ಮ್ಯಾಟ್ ಕ್ಯಾಂಬೆಲ್ 2025ರ ಡಿಸೆಂಬರ್ ಮೊದಲ ವಾರವೇ ಪೆನ್ ಸ್ಟೇಟ್‌ಗೆ ಹೊರಟರು. ಬೆನ್ನಿಗೇ ತಂಡ, ಸುರಕ್ಷಿತವಾಗಿ ಆಡಲು ಸಾಕಷ್ಟು ಆರೋಗ್ಯವಂತ ಆಟಗಾರರಿಲ್ಲ ಎಂದು ಹಿಂದೆ ಸರಿಯಿತು. ಕೋಚ್ ನಿವೃತ್ತಿ ಹೇಳಿದ್ದ ಕಾನ್ಸಸ್ ಸ್ಟೇಟ್ ಕೂಡ ಸರಿಯಿತು. ಇವೆರಡೂ ಸೇರಿರುವ ಬಿಗ್ 12 ಒಕ್ಕೂಟ ಎರಡಕ್ಕೂ ತಲಾ ಐದು ಲಕ್ಷ ಡಾಲರ್ ದಂಡ ಹಾಕಿತು. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ. ಹಿಂದಿನ ವರ್ಷ ಮಾರ್ಷಲ್ ತಂಡ ತನ್ನ ಒಕ್ಕೂಟದ ಪ್ರಶಸ್ತಿ ಗೆದ್ದ ಮರುದಿನವೇ ಕೋಚ್ ಬೇರೆಡೆ ಹೋದರು, ಹಿಂದೆಯೇ ಇಪ್ಪತ್ತಕ್ಕೂ ಹೆಚ್ಚು ಹುಡುಗರು ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬಯಸುವವರ ಪಟ್ಟಿ) ಸೇರಿದರು, ತಂಡ ಇಂಡಿಪೆಂಡೆನ್ಸ್ ಬೌಲ್ ಬಿಟ್ಟುಕೊಟ್ಟಿತು. ಕೋಚ್ ಲೇನ್ ಕಿಫಿನ್ ಅಂತೂ 2025ರಲ್ಲಿ ಪ್ಲೇಆಫ್ ಕಣ್ಣೆದುರಿಗಿದ್ದಾಗಲೇ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ಬಿಟ್ಟು ಎಲ್.ಎಸ್.ಯು. (ಲೂಯಿಸಿಯಾನಾ ಸ್ಟೇಟ್) ಸೇರಿದರು. ಕೋಚ್‌ಗಳ ನೇಮಕ, ಹೊಸ ಹುಡುಗರ ಸಹಿ, ಬೌಲ್ ಅಭ್ಯಾಸ, ಎಲ್ಲವನ್ನೂ ಡಿಸೆಂಬರಿನ ಒಂದೇ ತಿಂಗಳಿಗೆ ತುರುಕಿದವರು ಆಡಳಿತಗಾರರು. ಬೈಗುಳ ಮಾತ್ರ ಇಪ್ಪತ್ತೊಂದರ ಹುಡುಗನಿಗೆ.

2023ರ ಆರೆಂಜ್ ಬೌಲ್ ಇದರ ಅತಿರೇಕ. 13 ಪಂದ್ಯ ಗೆದ್ದು ಒಂದೂ ಸೋಲದ ಫ್ಲಾರಿಡಾ ಸ್ಟೇಟನ್ನು ನಾಲ್ಕು ತಂಡಗಳ ಪ್ಲೇಆಫ್‌ಗೆ ಸೇರಿಸಲಿಲ್ಲ. ಎರಡು ಡಜನ್‌ಗೂ ಹೆಚ್ಚು ಆಟಗಾರರು ದೂರ ಉಳಿದರು, ಜಾರ್ಜಿಯಾ 63–3ರಿಂದ ಗೆದ್ದಿತು. ಬೌಲ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಅಂತರ ಇನ್ನೊಂದಿಲ್ಲ. ಅದನ್ನು ಪಂದ್ಯ ಎಂದು ಕರೆಯಲು ನನಗೆ ಮನಸ್ಸಾಗದು.

ಹಾಗಾದರೆ ಬೌಲ್ ಯಾರಿಗೆ ಬೇಕು? ಟಿ.ವಿ.ಯವರಿಗೆ ಬೇಕೇ ಬೇಕು, ಹಲವು ಬೌಲ್‌ಗಳ ಒಡೆತನವೇ ಕ್ರೀಡಾ ವಾಹಿನಿ ಇ.ಎಸ್.ಪಿ.ಎನ್‌ನದು. ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್ ಈಗ ಪ್ಲೇಆಫ್‌ನ ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಆಗಿರುವುದರಿಂದ ಅವುಗಳ ಮಹತ್ವ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ. ಉಳಿದ ಬೌಲ್‌ಗಳ ವಿಷಯದಲ್ಲಿ ನನ್ನ ಎಣಿಕೆ ಇದು: ಡ್ರಾಫ್ಟಿಗೆ ಅರ್ಹರಾದವರಲ್ಲಿ ನೂರಕ್ಕೆ ಇಬ್ಬರೂ ವೃತ್ತಿಪರ ಲೀಗ್ ಮುಟ್ಟುವುದಿಲ್ಲ. ಮಿಕ್ಕವರಲ್ಲಿ ಕೊನೆಯ ವರ್ಷದ ಹುಡುಗನಿಗೆ ಆ ಬೌಲ್ ಪಂದ್ಯವೇ ಬದುಕಿನ ಕಡೆಯ ಪಂದ್ಯ, ಆಮೇಲೆ ಹೆಲ್ಮೆಟ್ ತೊಡುವ ಮಾತೇ ಇಲ್ಲ. ಎರಡನೇ ಸಾಲಿನ ಹುಡುಗನಿಗೆ ಹಿರಿಯರು ಬಿಟ್ಟುಹೋದ ಜಾಗದಲ್ಲಿ ಆಡಿ ತೋರಿಸುವ ಮೊದಲ ಅವಕಾಶ. ಕೋಚ್ ಉಳಿದುಕೊಂಡ ಮಧ್ಯಮ ದರ್ಜೆಯ ತಂಡಕ್ಕೆ ಹೆಚ್ಚುವರಿ ಅಭ್ಯಾಸದ ಎರಡು ಮೂರು ವಾರ. ಅಂಥ ಎರಡು ತಂಡ ಎದುರಾದರೆ ಆಟ ಸೊಗಸಾಗಿರುತ್ತದೆ. ಹನ್ನೆರಡರಲ್ಲಿ ಐದೇ ಗೆದ್ದ ತಂಡಗಳ ಬಾಗಿಲನ್ನೂ ತಟ್ಟಿ ಹಲವರಿಂದ "ಬೇಡ" ಅನ್ನಿಸಿಕೊಳ್ಳುವ ಸ್ಥಿತಿ 2025ರ ಡಿಸೆಂಬರಿನಲ್ಲಿ ಬಂದಿತ್ತು. ಆದ್ದರಿಂದ ಒಂದು ಹತ್ತು ಬೌಲ್ ಕಮ್ಮಿಯಾದರೆ ನಷ್ಟವೇನಿಲ್ಲ ಅಂತಲೂ ನನಗೆ ಅನ್ನಿಸುತ್ತದೆ.

ನಿಮ್ಮ ಮಗ ಹೋಗಲಿ. ಆದರೆ ತಂಡದ ಹೆಸರು ಪ್ರಕಟವಾದ ದಿನವೇ ವಿಮಾನದ ಟಿಕೆಟ್ ಮಾಡಿಸುವುದು ಬೇಡ. ಕೋಚ್ ಇದ್ದಾರೆಯೇ, ಕ್ವಾರ್ಟರ್‌ಬ್ಯಾಕ್ ಆಡುತ್ತಾನೆಯೇ ಎಂಬ ಸುದ್ದಿ ಖಚಿತವಾಗುವವರೆಗೆ ತಾಳಲಿ. ಸಣ್ಣ ಬೌಲ್‌ಗಳ ಕ್ರೀಡಾಂಗಣ ತುಂಬುವುದು ಅಪರೂಪ, ಪಂದ್ಯದ ಟಿಕೆಟ್ ಕಡೆಯ ವಾರದಲ್ಲೂ ಸಿಗುತ್ತದೆ. ಗೆಳೆಯರು ಸೇರಿ ಕಾರಿನಲ್ಲಿ ಹೋಗುವಷ್ಟು ಹತ್ತಿರದ ಊರಾದರೆ ಇನ್ನೂ ಒಳ್ಳೆಯದು.

— ಸಂಪಾದಕ